ಯಿಡ್ಡಿಶ್ ಮಾತುಗಳು: ಅರ್ಥವೇನು, ಯಾವಾಗ ಆಡಬೇಕು, ಯಾವುದನ್ನು ಆಡಲೇಬಾರದು

ಪ್ರಶ್ನೆ: ನ್ಯೂಜೆರ್ಸಿಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಯಿತು. ತಂಡದಲ್ಲಿ ಯಹೂದಿ ಸಹೋದ್ಯೋಗಿಗಳು ಹೆಚ್ಚು. ಶ್ಲೆಪ್, ಕ್ವೆಚ್, ಮೆನ್ಶ್, ಓಯ್ ವೇ, ಖುಟ್ಸ್ಪಾ ಎನ್ನುವ ಮಾತುಗಳು ದಿನವೂ ಕಿವಿಗೆ ಬೀಳುತ್ತವೆ, ಯಹೂದಿಗಳಲ್ಲದವರೂ ಆಡುತ್ತಾರೆ. ನಿಘಂಟು ತೆಗೆದರೆ ಒಂದು ಅರ್ಥ, ಆಡುವ ರೀತಿ ನೋಡಿದರೆ ಇನ್ನೊಂದು. ಗರ್ಭಿಣಿಯಾದ ಸಹೋದ್ಯೋಗಿಗೆ 'ಮಾಜ಼ೆಲ್ ತೊವ್' ಎಂದೆ. ಅವರು ನಕ್ಕು ಸುಮ್ಮನಾದರು, ಏನೋ ಸರಿಹೋಗಲಿಲ್ಲ ಅನ್ನಿಸಿತು. ಈಗ ನಮ್ಮ ಮ್ಯಾನೇಜರ್ 'ಸಿಟ್ಟಿಂಗ್ ಶಿವಾ' ಎಂದು ರಜೆಯಲ್ಲಿದ್ದಾರೆ. ಇದೆಲ್ಲ ಹೀಬ್ರೂವೇ? ಯಾವುದನ್ನು ಧೈರ್ಯವಾಗಿ ಆಡಬಹುದು, ಯಾವುದು ಬೈಗುಳ?

ಉತ್ತರ: ಮ್ಯಾನೇಜರ್ ವಿಷಯ ಮೊದಲು, ಅದು ಕಾಯುವಂಥದ್ದಲ್ಲ. ಆ 'ಶಿವಾ'ಗೂ ನಮ್ಮ ಶಿವನಿಗೂ ಯಾವ ನಂಟೂ ಇಲ್ಲ. ಹೀಬ್ರೂವಿನಲ್ಲಿ ಏಳು ಎನ್ನುವ ಸಂಖ್ಯೆ ಅದು. ಪೂರ್ವ ಯುರೋಪಿನ ಯಹೂದಿಗಳ ಆಡುಭಾಷೆಯಾದ ಯಿಡ್ಡಿಶ್ ನಾಲಿಗೆಯಲ್ಲಿ 'ಶಿವೆ'. ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಒಡಹುಟ್ಟಿದವರು ಇವರಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡಿದ ದಿನದಿಂದ ಏಳು ದಿನ ಮನೆಯಲ್ಲೇ ತಗ್ಗು ಆಸನದ ಮೇಲೆ ಕೂರುತ್ತಾರೆ, ಕನ್ನಡಿಗಳಿಗೆ ಬಟ್ಟೆ ಮುಚ್ಚುತ್ತಾರೆ. ನಮ್ಮ ಸೂತಕ ನೆನಪಾಗುತ್ತದೆ, ಆದರೆ ಒಂದು ಕಡೆ ಲೆಕ್ಕ ತಿರುಗುಮುರುಗು: ಸೂತಕದ ಮನೆಯಿಂದ ನಾವು ದೂರ ನಿಲ್ಲುತ್ತೇವೆ, ಶಿವೆ ಮನೆಗೆ ಹೋಗಿ ಕೂರುವುದು ಕರ್ತವ್ಯ. ಹೂವು ತೆಗೆದುಕೊಂಡು ಹೋಗಬೇಡಿ, ಯಹೂದಿ ಪದ್ಧತಿಯಲ್ಲಿ ಸಾವಿಗೆ ಹೂವಿಲ್ಲ. ತಿನ್ನುವುದು ಒಯ್ಯಬಹುದು, ಆದರೆ ಮನೆಯವರು ಕೋಶರ್ ಎನ್ನುವ ಯಹೂದಿ ಆಹಾರ ನಿಯಮ ಪಾಲಿಸುತ್ತಾರೆಯೇ ಎಂದು ಮೊದಲೇ ಬೇರೆಯವರಲ್ಲಿ ಕೇಳಿ. ಪಾಲಿಸುವವರಾದರೆ ನಿಮ್ಮ ಮನೆಯಲ್ಲಿ ಮಾಡಿದ ಶುದ್ಧ ಸಸ್ಯಾಹಾರವೂ ನಡೆಯುವುದಿಲ್ಲ, ಕೋಶರ್ ಮುದ್ರೆಯಿರುವ ಅಂಗಡಿಯಿಂದಲೇ ಆಗಬೇಕು. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಹೋಗಬೇಡಿ. ಒಳಗೆ ಹೋದ ಮೇಲೆ ದುಃಖದಲ್ಲಿರುವವರು ಮಾತಾಡಿಸುವ ತನಕ ಸುಮ್ಮನೆ ಕೂರುವುದೇ ಶಿಷ್ಟಾಚಾರ. ಹೊರಡುವಾಗ, ಅವರ ನೆನಪು ಆಶೀರ್ವಾದವಾಗಿರಲಿ ಎನ್ನುವ ಅರ್ಥದ ಮಾತನ್ನು ಇಂಗ್ಲಿಷಿನಲ್ಲೇ ಹೇಳಿ, ಸಾಕು.

ಇನ್ನು ಗರ್ಭಿಣಿಗೆ ಹೇಳಿದ ಮಾಜ಼ೆಲ್ ತೊವ್. ಅದನ್ನು 'ಗುಡ್ ಲಕ್' ಎಂದು ಇಂಗ್ಲಿಷಿಗೆ ತಿರುಗಿಸುವುದರಿಂದಲೇ ತೊಡಕು. ಮಾಜ಼ಲ್ ಎಂದರೆ ಮೂಲದಲ್ಲಿ ನಕ್ಷತ್ರಪುಂಜ, ರಾಶಿ, ಅಲ್ಲಿಂದ ಅದೃಷ್ಟ. ತೊವ್ ಎಂದರೆ ಒಳ್ಳೆಯದು. ನಿಮ್ಮ ಗ್ರಹಗತಿ ಒಳ್ಳೆಯದಿತ್ತು, ಕೆಲಸ ಆಯಿತು ಎನ್ನುವ ಧಾಟಿಯ ಮಾತು. ಆದ್ದರಿಂದ ಆಗಿ ಮುಗಿದ ಶುಭಕ್ಕೆ ಮಾತ್ರ ಅದು: ಮದುವೆಯಲ್ಲಿ ವರ ಗಾಜಿನ ಲೋಟ ತುಳಿದು ಒಡೆದ ಕ್ಷಣ, ಮಗು ಹುಟ್ಟಿದ ಮೇಲೆ, ಪರೀಕ್ಷೆ ಪಾಸಾದ ಮೇಲೆ, ಮನೆ ಕೊಂಡ ಮೇಲೆ. ಸಂದರ್ಶನಕ್ಕೆ ಹೊರಟವರಿಗೆ, ಬಸುರಿಗೆ ಹೇಳಿದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಸಂಪ್ರದಾಯಸ್ಥ ಮನೆಗಳಲ್ಲಿ ಹೆರಿಗೆಗೆ ಮೊದಲು ತೊಟ್ಟಿಲು, ಬಟ್ಟೆ ಮನೆಗೆ ತರುವುದಿಲ್ಲ, ಉಡುಗೊರೆಯ ಪಾರ್ಟಿಯನ್ನೂ ಒಪ್ಪುವುದಿಲ್ಲ. ಬಸುರಿಗೆ ಹೇಳುವುದು ಹೀಬ್ರೂವಿನ 'ಬೆಶಾಆ ತೊವಾ', ಯಿಡ್ಡಿಶ್‌ನಲ್ಲಿ 'ಇನ್ ಅ ಗುಟರ್ ಶೊ': ಒಳ್ಳೇ ಗಳಿಗೆಯಲ್ಲಿ ಆಗಲಿ. ಮುಂದೆ ಆಗಬೇಕಾದ ಕೆಲಸಕ್ಕೆ 'ಜ಼ೊಲ್ ಜ಼ಾಯ್ನ್ ಮಿಟ್ ಮಾಜ಼ಲ್', ಅದೃಷ್ಟ ಕೂಡಿಬರಲಿ. ನಿಮ್ಮ ಸಹೋದ್ಯೋಗಿ ನಕ್ಕು ಸುಮ್ಮನಾಗಿದ್ದಕ್ಕೆ ಇಷ್ಟೇ ಕಾರಣವಿರಬೇಕು, ಅವಮಾನವೇನೂ ಆಗಿರುವುದಿಲ್ಲ.

ಇದು ಯಾವ ಭಾಷೆ?

ಯಿಡ್ಡಿಶ್ ಬೇರೆ, ಹೀಬ್ರೂ ಬೇರೆ. ಲಿಪಿ ಒಂದೇ, ಬಲದಿಂದ ಎಡಕ್ಕೆ ಬರೆಯುವುದು. ಮಧ್ಯಯುಗದಲ್ಲಿ ರೈನ್ ನದಿಯ ಆಸುಪಾಸಿನ ಯಹೂದಿಗಳಲ್ಲಿ ಜರ್ಮನ್ ಉಪಭಾಷೆಗಳ ಮೈಮೇಲೆ ಹೀಬ್ರೂ ಮತ್ತು ಅರಮೈಕ್ ಸೇರಿ ಬೆಳೆದದ್ದು, ಪೂರ್ವಕ್ಕೆ ಪೋಲೆಂಡ್, ಲಿಥುವೇನಿಯಾ, ಉಕ್ರೇನ್ ಕಡೆ ಸರಿದಾಗ ಸ್ಲಾವಿಕ್ ಪದಗಳನ್ನೂ ಹೊತ್ತುಕೊಂಡಿತು. ಉಳಿದುಬಂದಿರುವ ಅತಿ ಹಳೆಯ, ಕಾಲ ಗೊತ್ತಿರುವ ಯಿಡ್ಡಿಶ್ ವಾಕ್ಯ 1272ರದು. ವೋರ್ಮ್ಸ್ ಊರಿನ ಒಂದು ಪ್ರಾರ್ಥನಾ ಗ್ರಂಥದಲ್ಲಿ, ಅಕ್ಷರಗಳ ಒಡಲೊಳಗೆ ಬರೆದದ್ದು. ಈ ಪುಸ್ತಕವನ್ನು ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹೊತ್ತು ತರುವವನಿಗೆ ಒಳ್ಳೆಯ ದಿನ ಬರಲಿ ಎಂದು ಅದು ಹರಸುತ್ತದೆ. ಹೊರಲು ಆಳು ಬೇಕಾಗುವಷ್ಟು ದೊಡ್ಡ ಪುಸ್ತಕ ಅದು, ಹರಕೆ ಸುಮ್ಮನೆ ಬಂದದ್ದಲ್ಲ.

1881ರಿಂದ 1924ರವರೆಗೆ ಸುಮಾರು 20 ಲಕ್ಷ ಪೂರ್ವ ಯುರೋಪಿನ ಯಹೂದಿಗಳು ಅಮೆರಿಕಕ್ಕೆ ವಲಸೆ ಹೋದರು. ನೀವು ಕಚೇರಿಯಲ್ಲಿ ಕೇಳುವ ಪದಗಳೆಲ್ಲ ಅವರ ಗಂಟಿನಲ್ಲಿ ಬಂದವು. ಎರಡನೇ ಮಹಾಯುದ್ಧಕ್ಕೆ ಮೊದಲು ಜಗತ್ತಿನಲ್ಲಿ ಒಂದು ಕೋಟಿಗೂ ಹೆಚ್ಚು ಜನ ಈ ಭಾಷೆ ಆಡುತ್ತಿದ್ದರು. ನಾತ್ಸಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಬಹುಪಾಲು ಅವರೇ. ಹಾಗಿದ್ದೂ ಭಾಷೆ ಸತ್ತಿಲ್ಲ. ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್, ಬರೋ ಪಾರ್ಕ್, ಲಂಡನ್ನಿನ ಸ್ಟ್ಯಾಮ್‌ಫರ್ಡ್ ಹಿಲ್, ಬೆಲ್ಜಿಯಮ್ಮಿನ ಆಂಟ್‌ವರ್ಪ್, ಜೆರುಸಲೇಮಿನ ಮೆಯಾ ಶೆಆರಿಮ್‌ಗಳ ಹಸಿದಿ ಎಂಬ ಕಟ್ಟಾ ಸಂಪ್ರದಾಯಸ್ಥ ಯಹೂದಿ ಪಂಥದ ಮನೆಗಳಲ್ಲಿ ಮಕ್ಕಳು ಇವತ್ತಿಗೂ ಇದರಲ್ಲೇ ಜಗಳವಾಡುತ್ತಾರೆ. 1978ರಲ್ಲಿ ನೊಬೆಲ್ ಪಡೆದ ಐಸಾಕ್ ಬಾಶೆವಿಸ್ ಸಿಂಗರ್ ಬರೆದದ್ದೂ ಇದರಲ್ಲೇ. ಅಮೆರಿಕನ್ನರು ಇದನ್ನು ನಗೆಹನಿಯ ಭಾಷೆ ಎಂಬಂತೆ ನೋಡುವ ಅಭ್ಯಾಸ ಬೆಳೆಸಿಕೊಂಡಿದ್ದಾರೆ. ಆ ಅಭ್ಯಾಸ ನೀವು ಕಲಿಯಬೇಡಿ. ಇನ್ನೊಂದು ಮಾತು: ಭಾರತದ ಯಹೂದಿಗಳಿಗೂ ಇದಕ್ಕೂ ಸಂಬಂಧವಿಲ್ಲ. ಬೆನೆ ಇಸ್ರೇಲರ ಮನೆಮಾತು ಮರಾಠಿ, ಕೊಚ್ಚಿಯವರದು ಮಲಯಾಳಂ, ಬಾಗ್ದಾದಿಗಳದು ಅರೇಬಿಕ್.

ಉಚ್ಚಾರ ಎರಡೇ ಸಾಲಿನಲ್ಲಿ. ಖುಟ್ಸ್ಪಾ, ಯಹೂದಿ ಹಬ್ಬ ಖಾನುಕಾಗಳನ್ನು ಇಂಗ್ಲಿಷಿನಲ್ಲಿ 'ಸಿ ಎಚ್' ಎಂದು ಬರೆದಿರುತ್ತಾರೆ. 'ಚ' ಎಂದು ಓದಿದರೆ ಕೆಟ್ಟಿತು, ಉರ್ದು ಬಲ್ಲವರು 'ಖ಼ಾನ್' ಎನ್ನುವಾಗ ಗಂಟಲಿಂದ ತೆಗೆಯುವ ಖಕಾರ ಅದು. 'ಎಸ್ ಸಿ ಎಚ್' ಎಂಬುದು ಬರಿಯ 'ಶ'. ಕೊನೆಯ ಹೀಬ್ರೂ 'ಆ' ಯಿಡ್ಡಿಶ್‌ನಲ್ಲಿ 'ಎ' ಆಗುತ್ತದೆ, ಹಾಗಾಗಿ ಅಮೆರಿಕನ್ ಖುಟ್ಸ್ಪಾ ಅಲ್ಲಿ 'ಖುತ್ಸ್‌ಪೆ'. ಒತ್ತು ಸಾಮಾನ್ಯವಾಗಿ ಕೊನೆಯದರ ಹಿಂದಿನ ಅಕ್ಷರದ ಮೇಲೆ.

ಒಂದೇ ಪದ, ಎರಡು ಬಾಳು

ನಿಘಂಟಿಗೂ ಮಾತಿಗೂ ತಾಳೆಯಾಗದಿರುವ ಕಾರಣ ಇದು: ಈ ಪದಗಳು ಯಿಡ್ಡಿಶ್‌ನಲ್ಲಿ ಒಂದು ರೀತಿ ಬದುಕಿವೆ, ಅಮೆರಿಕನ್ ಇಂಗ್ಲಿಷಿಗೆ ಬಂದ ಮೇಲೆ ಇನ್ನೊಂದು ರೀತಿ. ನಿಮ್ಮ ಎದುರಿಗಿರುವವರು ಯಾವ ಬಾಳಿನಲ್ಲಿ ಆ ಪದವನ್ನು ಬಲ್ಲರು ಎಂಬುದರ ಮೇಲೆ ಅದು ಹೊಗಳಿಕೆಯೋ ತೆಗಳಿಕೆಯೋ ನಿರ್ಧಾರವಾಗುತ್ತದೆ.

ಖುತ್ಸ್‌ಪೆಯನ್ನೇ ನೋಡಿ. ತಂದೆ ತಾಯಿಯನ್ನು ಕೊಂದು ಬಂದವನು ನ್ಯಾಯಾಧೀಶರ ಮುಂದೆ ನಿಂತು, ನಾನು ಅನಾಥ, ದಯೆ ತೋರಿಸಿ ಎಂದು ಬೇಡುವುದು ಖುತ್ಸ್‌ಪೆ ಎಂದು ಎಲ್ಲರೂ ಹೇಳುವ ಹಳೆಯ ವಿವರಣೆ. ಅಂದರೆ ಶುದ್ಧ ಭಂಡತನ. ಅಮೆರಿಕನ್ ವ್ಯಾಪಾರದ ಭಾಷೆಯಲ್ಲಿ ಅದೇ ಪದ ಎದೆಗಾರಿಕೆಗೆ ಸಲ್ಲುತ್ತದೆ; ಸ್ಟಾರ್ಟಪ್ ಕಟ್ಟಿದವನಿಗೆ ಖುಟ್ಸ್ಪಾ ಇದೆ ಎಂದರೆ ಮೆಚ್ಚುಗೆ. ಮನೆಯಲ್ಲಿ ಯಿಡ್ಡಿಶ್ ಕೇಳಿ ಬೆಳೆದ ಹಿರಿಯರಿಗೆ ಹೀಗೆ ಹೇಳಿದರೆ, ಎಷ್ಟು ಕೊಬ್ಬು ನಿಮಗೆ ಎಂದಂತೆ ಕೇಳುತ್ತದೆ.

ಶ್ಮೂಜ಼್ ಕೂಡ ಹೀಗೇ. ಹೀಬ್ರೂವಿನ 'ಸುದ್ದಿಗಳು' ಎಂಬ ಪದದಿಂದ ಬಂದ 'ಶ್ಮೂಎಸ್' ಎಂದರೆ ಯಾವ ಉದ್ದೇಶವೂ ಇಲ್ಲದ ಹರಟೆ, ಜಗಲಿಕಟ್ಟೆ ಮಾತು. ಇಂಗ್ಲಿಷಿನಲ್ಲಿ ಅದು ಕೆಲಸ ಗಿಟ್ಟಿಸಲು ಬೆಣ್ಣೆ ಹಚ್ಚುವ ಮಾತಾಗಿದೆ. ಕ್ವೆಚ್ ಎಂದರೆ ಒತ್ತುವುದು, ಹಿಂಡುವುದು. ಮುಖ ಹಿಂಡಿಕೊಂಡು ಸದಾ ಗೊಣಗುವುದಕ್ಕೆ ಆ ಹೆಸರು. ಶ್ಲೆಪ್ ಎಂದರೆ ಎಳೆಯುವುದು; ಇಂಗ್ಲಿಷಿನಲ್ಲಿ ಸಾಮಾನು ಹೊತ್ತು ಒದ್ದಾಡುವುದು, ದೂರದ ಬೇಸರದ ಪ್ರಯಾಣ ಎರಡೂ. ಕ್ಲುಟ್ಸ್ ಮರದ ದಿಮ್ಮಿ. ಕೈಗೆ ಕೊಟ್ಟದ್ದೆಲ್ಲ ಬೀಳಿಸುವವನು. ನಾಶ್ ಬಾಯಾಡಿಸುವುದು. ಮೇವಿನ್ ಎಂದರೆ ತಿಳಿದವನು, ಒಂದು ವಿಷಯದ ರುಚಿ ಬಲ್ಲವನು. 1960ರ ದಶಕದ ಉಪ್ಪು ಮೀನಿನ ಜಾಹೀರಾತೊಂದು ಈ ಪದವನ್ನು ಅಮೆರಿಕದ ತುಂಬ ಹರಡಿತು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ದಿನಕ್ಕೆ ಹತ್ತು ಸಲ ಆಡುವ 'ಗ್ಲಿಚ್' ಕೂಡ, ಜಾರುವುದು ಎನ್ನುವ ಯಿಡ್ಡಿಶ್ ಪದದಿಂದ ಬಂದಿರಬೇಕು ಎನ್ನುವುದೇ ಬಲವಾದ ಅಭಿಪ್ರಾಯ.

ಫರ್ಕ್ಲೆಂಪ್ಟ್ ಬಗ್ಗೆ ಎಚ್ಚರ. 1990ರ ದಶಕದ ಒಂದು ಟೀವಿ ಹಾಸ್ಯಪಾತ್ರದಿಂದ ಅದು 'ಭಾವುಕಳಾಗಿ ಗಂಟಲು ಕಟ್ಟಿತು' ಎನ್ನುವ ತಮಾಷೆಯ ಮಾತಾಯಿತು. ಯಿಡ್ಡಿಶ್‌ನ 'ಫರ್ಕ್ಲೆಮ್ಟ್' ಎದೆ ಹಿಂಡುವ ದುಃಖ, ಅದರಲ್ಲಿ ನಗುವಿಲ್ಲ.

ಯೆಂಟಾ ಎಂದರೆ ಮದುವೆ ದಲ್ಲಾಳಿ ಎಂದು ಅರ್ಧ ಅಮೆರಿಕ ನಂಬಿದೆ, ಅದು ತಪ್ಪು. ಯೆಂಟೆ ಹೆಂಗಸರ ಹೆಸರು, ಕುಲೀನ ಎನ್ನುವ ಅರ್ಥದ ರೋಮಾನ್ಸ್ ಪದದಿಂದ ಬಂದದ್ದು. ನ್ಯೂಯಾರ್ಕಿನ ಯಿಡ್ಡಿಶ್ ಪತ್ರಿಕೆಯ ಒಂದು ಹಾಸ್ಯ ಅಂಕಣದ ಬಾಯಿಬಡುಕಿ ಪಾತ್ರದಿಂದಾಗಿ ಆ ಹೆಸರು ಚಾಡಿಕೋರಿ ಎನ್ನುವುದಕ್ಕೆ ನಿಂತಿತು. ಆಮೇಲೆ 1964ರ 'ಫಿಡ್ಲರ್ ಆನ್ ದ ರೂಫ್' ಸಂಗೀತ ನಾಟಕದಲ್ಲಿ ಸಂಬಂಧ ಕುದುರಿಸುವವಳಿಗೆ ಯೆಂಟೆ ಎಂದೇ ಹೆಸರಿಟ್ಟರು, ಗೊಂದಲ ಗಟ್ಟಿಯಾಯಿತು. ಸಂಬಂಧ ಕುದುರಿಸುವವನಿಗೆ ಯಿಡ್ಡಿಶ್ ಪದ 'ಶಾದ್ಖನ್', ಹೆಂಗಸಾದರೆ 'ಶಾದ್ಖನ್ಟೆ'.

ಕನ್ನಡದಲ್ಲಿ ಸುಲಭವಾಗಿ ಸಿಗುವವು

ಇಂಗ್ಲಿಷ್ ನಿಘಂಟಿನಲ್ಲಿ ಮೂರು ಸಾಲು ತಿನ್ನುವ ಕೆಲವು ಪದಗಳು ಕನ್ನಡದವರಿಗೆ ಒಂದೇ ಪದದಲ್ಲಿ ಹಿಡಿಯುತ್ತವೆ. ನನ್ನ ಸಲಹೆ: ಇವನ್ನು ಇಂಗ್ಲಿಷಿನ ಮೂಲಕ ಕಲಿಯಲೇಬೇಡಿ.

ಎಲ್ಲಕ್ಕಿಂತ ಮೊದಲು 'ನೆಬೆಖ್'. ಅಮೆರಿಕನ್ ಇಂಗ್ಲಿಷಿನಲ್ಲಿ ಅದು 'ನೆಬಿಶ್' ಆಗಿ, ಹೆದರುಪುಕ್ಕಲ, ಲೆಕ್ಕಕ್ಕಿಲ್ಲದ ಗಂಡಸು ಎಂಬ ಅರ್ಥಕ್ಕೆ ಇಳಿದಿದೆ. ಯಿಡ್ಡಿಶ್‌ನಲ್ಲಿ ಅದು ಮೊದಲಿಗೆ ಒಂದು ಉದ್ಗಾರ, ವಾಕ್ಯದ ನಡುವೆ ತೂರುವಂಥದ್ದು. 'ಜ಼ಿ ಇಜ಼್ ನೆಬೆಖ್ ಕ್ರಾಂಕ್' ಎಂದರೆ 'ಅವಳಿಗೆ ಪಾಪ ಹುಷಾರಿಲ್ಲ'. ನಮ್ಮ 'ಪಾಪ' ನಿಲ್ಲುವ ಜಾಗದಲ್ಲೇ ನಿಲ್ಲುತ್ತದೆ, ಅದೇ ಕೆಲಸ ಮಾಡುತ್ತದೆ, ವಾಕ್ಯದ ವ್ಯಾಕರಣವನ್ನು ಮುಟ್ಟುವುದಿಲ್ಲ. ಕನಿಕರ ಹೆಚ್ಚಾದಾಗ ಸ್ವಲ್ಪ ತಾತ್ಸಾರ ಬೆರೆಯುತ್ತದಲ್ಲ, 'ಅವನೊಬ್ಬ ಪಾಪ' ಎನ್ನುವಾಗಿನ ಧ್ವನಿ, ಅದೂ ನೆಬೆಖ್‌ನಲ್ಲಿ ಇದೆ. ಅಲ್ಲಿಂದಲೇ ಇಂಗ್ಲಿಷ್ ಅರ್ಥ ಹುಟ್ಟಿದ್ದು.

'ಮೆಖುತನ್' ಎಂದರೆ ಬೀಗ. 'ಮಾಖೆತೆನೆಸ್ಟೆ' ಬೀಗಿತಿ. 'ಮಾಖೆತೊನಿಮ್' ಬೀಗರು. ಗಂಡಿನ ತಂದೆ ತಾಯಿಗೂ ಹೆಣ್ಣಿನ ತಂದೆ ತಾಯಿಗೂ ನಡುವಿನ ಈ ನಂಟಿಗೆ ಇಂಗ್ಲಿಷಿನಲ್ಲಿ ಹೆಸರೇ ಇಲ್ಲ. ನಿಮ್ಮ ಸಹೋದ್ಯೋಗಿಗಳು ಇಂಗ್ಲಿಷ್ ಮಾತಿನ ನಡುವೆ ಈ ಒಂದು ಪದವನ್ನು ಬಿಡದೆ ಇಟ್ಟುಕೊಂಡಿರುವುದು ಅದಕ್ಕೇ. ಬೀಗರ ಜೊತೆಗಿನ ಬಿಗುಮಾನ, ಮದುವೆ ಖರ್ಚಿನ ಲೆಕ್ಕಾಚಾರದ ನಗೆಮಾತುಗಳೂ ಎರಡು ಕಡೆ ಒಂದೇ ಜಾತಿಯವು. ಇಡೀ ಬಳಗಕ್ಕೆ 'ಮಿಶ್ಪೊಖೆ'. ವಿಧಿ ಕೂಡಿಸಿದ ಸಂಗಾತಿ 'ಬಾಶೆರ್ಟ್': ಬ್ರಹ್ಮಗಂಟು.

'ಕೇನ್ ಅಯಿನ್ ಹೊರೆ', ಅಮೆರಿಕನ್ ಬಾಯಲ್ಲಿ ಮುದ್ದೆಯಾಗಿ 'ಕಿನಹೊರಾ': ಕೆಟ್ಟ ಕಣ್ಣು ಬೀಳದಿರಲಿ. ಮಗು ಮುದ್ದಾಗಿದೆ, ಅಜ್ಜನಿಗೆ 90 ತುಂಬಿತು, ಮೊಮ್ಮಕ್ಕಳು ಹನ್ನೆರಡು ಎಂದ ಕೂಡಲೇ ಇದನ್ನು ಸೇರಿಸುತ್ತಾರೆ. ಜೊತೆಗೆ 'ತ್ಫು ತ್ಫು ತ್ಫು' ಎಂದು ಮೂರು ಸಲ ಉಗಿದಂತೆ ಮಾಡುವುದೂ ಉಂಟು. ದೃಷ್ಟಿ ತೆಗೆದು ಥೂ ಥೂ ಎಂದು ಉಗಿಸುವ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ವಯಸ್ಸಿನ ಮಾತು ಬಂದಾಗ 'ಬಿಜ಼್ ಹುಂಡರ್ಟ್ ಉನ್ ತ್ಸ್ವಾನ್ತ್ಸಿಕ್' ಎನ್ನುತ್ತಾರೆ, 120ರವರೆಗೆ ಬಾಳಿ. ಪ್ರವಾದಿ ಮೋಶೆ ಬದುಕಿದ ವಯಸ್ಸು ಅಷ್ಟು ಎಂದು ಯಹೂದಿ ಧರ್ಮಗ್ರಂಥ ತೋರಾ ಹೇಳುತ್ತದೆ. ನಮ್ಮ ಶತಾಯುಷ್ಯಕ್ಕಿಂತ 20 ವರ್ಷ ಉದಾರ.

ಬಿಸಿಲಲ್ಲಿ ಬಂದವರು ತಣ್ಣನೆ ನೀರು ಕುಡಿದು 'ಅ ಮೆಖಾಯೆ' ಎಂದರೆ 'ಅಬ್ಬಾ, ಜೀವ ಬಂತು'. ಮೂಲ ಹೀಬ್ರೂ ಪದದ ಅರ್ಥವೂ ಜೀವ ಕೊಡುವುದು ಎಂದೇ. 'ದಾಫ್ಕೆ' ಎಂದರೆ ಬೇಕಂತಲೇ: ಬೇಡ ಎಂದದ್ದನ್ನು ದಾಫ್ಕೆ ಮಾಡಿದ. 'ತಾಖ್ಲೆಸ್' ಅಸಲು ವಿಷಯ. ಮೀಟಿಂಗ್‌ನಲ್ಲಿ ಯಾರಾದರೂ ಇದನ್ನು ಹೇಳಿದರೆ ಸುತ್ತುಬಳಸು ಸಾಕು ಎಂದರ್ಥ. ಮಕ್ಕಳನ್ನು 'ಮಾಮೆಲೆ', 'ಟಾಟೆಲೆ' ಎಂದು ಕರೆಯುತ್ತಾರೆ, ಪುಟ್ಟ ತಾಯಿ, ಪುಟ್ಟ ತಂದೆ ಎಂದು. ಐದು ವರ್ಷದ ಹುಡುಗಿಗೆ 'ಬಾ ತಾಯಿ' ಎನ್ನುವ ನಮಗೆ ಇದರಲ್ಲಿ ವಿಚಿತ್ರವೇನಿದೆ?

ಮೆನ್ಶ್ ಎಂದರೆ ಮನುಷ್ಯ. 'ಮೊದಲು ಮನುಷ್ಯನಾಗು' ಎಂದು ಮನೆ ಹಿರಿಯರು ಗದರುವಾಗ ಆ ಪದಕ್ಕೆ ಬರುವ ತೂಕವೇ ಇದಕ್ಕೂ. ಜಾಣ, ಸಿರಿವಂತ, ಯಶಸ್ವಿ ಯಾವುದೂ ಅಲ್ಲ, ನೆಟ್ಟಗೆ ನಡೆದುಕೊಳ್ಳುವವನು. ಹೆಂಗಸರಿಗೂ ಸಲ್ಲುತ್ತದೆ. ನಿಶ್ಚಿಂತೆಯಿಂದ ಯಾರಿಗೆ ಬೇಕಾದರೂ ಆಡಬಹುದಾದ ಹೊಗಳಿಕೆ ಇದು.

'ನಾಖೆಸ್' ಮಕ್ಕಳ ಏಳಿಗೆಯಿಂದ ಹೆತ್ತವರಿಗೆ ಆಗುವ ಹಿಗ್ಗು. ಅದಕ್ಕೆ ಬಳಸುವ ಕ್ರಿಯಾಪದ 'ಶೆಪ್ನ್', ಬಾವಿಯಿಂದ ನೀರು ಸೇದುವುದು ಎನ್ನುತ್ತೇವಲ್ಲ ಅದು. ಮಕ್ಕಳಿಂದ ನಾಖೆಸ್ ಸೇದುತ್ತಾರೆ. ಆ ಹಿಗ್ಗು ಉಕ್ಕಿ ಹೊರಗೆ ಕಾಣುವುದು 'ಕ್ವೆಲ್'. ಎದುರು ಪದ 'ತ್ಸೊರೆಸ್', ತಾಪತ್ರಯಗಳು. ಬಹುವಚನದಲ್ಲೇ ಹೆಚ್ಚು ಕೇಳುತ್ತದೆ, ತಾಪತ್ರಯ ಒಂಟಿಯಾಗಿ ಬರುವುದು ಕಡಿಮೆ ನೋಡಿ.

ಪೆದ್ದರ ಪಟ್ಟಿ

ಶ್ಲೆಮೀಲ್ ಮತ್ತು ಶ್ಲಿಮಾಜ಼ಲ್ ಬೇರೆ ಬೇರೆ. ಊಟದ ಮೇಜಿನಲ್ಲಿ ಸೂಪಿನ ಬಟ್ಟಲು ಉರುಳಿಸುವವನು ಶ್ಲೆಮೀಲ್. ಆ ಸೂಪು ಯಾರ ತೊಡೆ ಮೇಲೆ ಬೀಳುತ್ತದೋ ಅವನು ಶ್ಲಿಮಾಜ಼ಲ್. ಮೊದಲನೆಯವನು ಎಡವಟ್ಟು, ಎರಡನೆಯವನು ನತದೃಷ್ಟ. 'ಶ್ಲಿಮ್' ಕೆಟ್ಟದು, 'ಮಾಜ಼ಲ್' ಮೇಲೆ ಹೇಳಿದ ಅದೃಷ್ಟವೇ. ಇದಕ್ಕೆ ಬಾಲ ಸೇರಿಸುವವರುಂಟು: ಅದು ಯಾವ ಸೂಪು ಎಂದು ಆಗಲೂ ಕೇಳುವವನು 'ನೂಡ್ನಿಕ್', ತಲೆ ತಿನ್ನುವವನು. ಇಸ್ಪೀಟು ಆಟದವರ ಹಿಂದೆ ನಿಂತು ಯಾವ ಎಲೆ ಹಾಕಬೇಕೆಂದು ಹೇಳುವವನು 'ಕಿಬಿಟ್ಸರ್'.

ಹುಚ್ಚಿಗೆ ಮೂರು ರೂಪ, ಕನ್ನಡದ ಹಾಗೆ: 'ಮೆಶುಗೆ' ಹುಚ್ಚು ಹಿಡಿದ, 'ಮೆಶುಗೆನರ್' ಹುಚ್ಚ, 'ಮೆಶುಗೆನೆ' ಹುಚ್ಚಿ. ಗಂಡಸನ್ನು ಮೆಶುಗೆನೆ ಎನ್ನುವುದು ಅಮೆರಿಕದಲ್ಲಿ ದಿನವೂ ಆಗುವ ತಪ್ಪು. ಹುಚ್ಚಾಟಕ್ಕೆ 'ಮಿಶೆಗಾಸ್'.

ಬಾಯಿಗೆ ತರಬಾರದವು

'ಶ್ಮಕ್' ಅಮೆರಿಕನ್ ಸಿನಿಮಾಗಳಲ್ಲಿ 'ಮೂರ್ಖ' ಎನ್ನುವಷ್ಟು ಸಲೀಸಾಗಿ ಬರುತ್ತದೆ. ಯಿಡ್ಡಿಶ್‌ನಲ್ಲಿ 'ಶ್ಮೊಕ್' ಗಂಡಸಿನ ಜನನಾಂಗಕ್ಕೆ ಇರುವ ಅಶ್ಲೀಲ ಪದ. 'ಪಟ್ಸ್' ಕೂಡ ಅದೇ, ಇನ್ನೂ ಒರಟು. ಹಿರಿಯರಿರುವಲ್ಲಿ, ಹಸಿದಿಗಳ ಮುಂದೆ, ಕಚೇರಿಯ ಮೇಲ್‌ನಲ್ಲಿ ಬೇಡ. 'ಶ್ಮೊ' ಎನ್ನುವುದು ಅದರ ಬಾಲ ಕತ್ತರಿಸಿ ಮರ್ಯಾದಸ್ಥ ಮಾಡಿದ ರೂಪ. 'ಟುಖಿಸ್', ಮೊಟಕಾಗಿ 'ಟುಷ್', ಕುಂಡೆ. ಮಕ್ಕಳ ಜೊತೆ ಮುದ್ದಿಗೆ ಆಡುತ್ತಾರೆ, ಅಷ್ಟಕ್ಕೆ ಬಿಡಿ. 'ಬಪ್ಕಿಸ್' ಎಂದರೆ ಏನೂ ಇಲ್ಲ. ಮೂಲದಲ್ಲಿ ಆಡಿನ ಹಿಕ್ಕೆ, ಆದರೆ ಇಂಗ್ಲಿಷಿನಲ್ಲಿ ಅದರ ವಾಸನೆ ಹೋಗಿದೆ, ಆಡಬಹುದು.

ನಿಜಕ್ಕೂ ಅಪಾಯ ಇರುವುದು ಜನರನ್ನು ಕರೆಯುವ ಪದಗಳಲ್ಲಿ. 'ಗೋಯ್' ಹೀಬ್ರೂವಿನಲ್ಲಿ ಜನಾಂಗ, ಬಳಕೆಯಲ್ಲಿ ಯಹೂದಿಯಲ್ಲದವರು. ಧ್ವನಿ ನೋಡಿ ತಟಸ್ಥವೂ ಆಗುತ್ತದೆ, ಹೀನಾಯವೂ ಆಗುತ್ತದೆ. 'ಶಿಕ್ಸಾ', ಯಹೂದಿಯಲ್ಲದ ಹೆಣ್ಣು, 'ಅಸಹ್ಯ ವಸ್ತು' ಎನ್ನುವ ಹೀಬ್ರೂ ಪದದಿಂದ ಬಂದದ್ದು, ತಮಾಷೆಗೂ ಬೇಡ. 'ಶ್ವಾರ್ತ್ಸೆ' ಎಂದರೆ ಕಪ್ಪು, ಅಮೆರಿಕದಲ್ಲಿ ಕರಿಯರನ್ನು ಹೀಗಳೆಯುವ ಪದ. ಅದನ್ನು ಆಡುವುದಿರಲಿ, ಯಾರಾದರೂ ಆಡಿದರೆ ನಗಬೇಡಿ. 'ಯಿಡ್' ವಿಷಯ ಸೂಕ್ಷ್ಮ: ಯಿಡ್ಡಿಶ್‌ನಲ್ಲಿ 'ಯೀದ್' ಎಂದು ದೀರ್ಘವಾಗಿ ಹೇಳಿದರೆ ಯಹೂದಿ ಎಂದಷ್ಟೇ, ಇಂಗ್ಲಿಷಿನಲ್ಲಿ ಹ್ರಸ್ವವಾಗಿ ಹೇಳಿದರೆ ಬೈಗುಳ. ಹೊರಗಿನವರು ಎರಡನ್ನೂ ಬಿಟ್ಟರೆ ಕ್ಷೇಮ.

ಇಡೀ ಮಾತುಗಳು

ಓಯ್ ವೇ: 'ವೇ' ಎಂದರೆ ನೋವು. ಪೂರ್ಣ ರೂಪ 'ಓಯ್ ವೇ ಇಜ಼್ ಮಿರ್'. ಅಯ್ಯೋ ಎನ್ನುವ ಕಡೆಯೆಲ್ಲ ನಡೆಯುತ್ತದೆ, ಬಸ್ಸು ತಪ್ಪಿದ್ದಕ್ಕೂ ಸಾವಿನ ಸುದ್ದಿಗೂ. ಆದರೆ ಹೊರಗಿನವರ ಬಾಯಲ್ಲಿ ಸಣ್ಣ ವಿಷಯಕ್ಕಷ್ಟೇ ಚೆನ್ನ. 'ಗೆವಾಲ್ಟ್' ಕಾಪಾಡಿ ಎನ್ನುವ ಕೂಗು. 'ನೂ' ಎನ್ನುವ ಪುಟ್ಟ ಪದ 'ಮತ್ತೆ?', 'ಹೂಂ, ಆಮೇಲೆ?', 'ಎಷ್ಟು ಹೊತ್ತು?', 'ಏನಾಯ್ತು ಆ ಕೆಲಸ?' ಎಲ್ಲವೂ ಹೌದು, ರಾಗದಲ್ಲಿ ಗೊತ್ತಾಗುತ್ತದೆ.

'ಶೊಲೆಮ್ ಅಲೆಯ್ಖೆಮ್' ಎಂದು ಯಾರಾದರೂ ಅಂದರೆ ಅದನ್ನೇ ಮರಳಿ ಹೇಳಬೇಡಿ. ತಿರುಗಿಸಿ 'ಅಲೆಯ್ಖೆಮ್ ಶೊಲೆಮ್' ಎನ್ನಬೇಕು. ಸಲಾಮಿಗೆ ಮರುಸಲಾಮು ಹೇಳುವ ಕ್ರಮ ನೀವು ಊರಿನಲ್ಲಿ ಕೇಳಿರುತ್ತೀರಿ, ಅದೇ. ಬೀಳ್ಕೊಡುವಾಗ ಸಮವಯಸ್ಕರಿಗೆ 'ಜ಼ಾಯ್ ಗೆಜ಼ುಂಟ್', ಆರೋಗ್ಯವಾಗಿರು; ಹಿರಿಯರಿಗೆ, ಹಲವರಿಗೆ 'ಜ಼ಾಯ್ಟ್ ಗೆಜ಼ುಂಟ್', ಆರೋಗ್ಯವಾಗಿರಿ. 'ದು' ನೀನು, 'ಇರ್' ನೀವು. ಇಂಗ್ಲಿಷಿನ ಮೂಲಕ ಕಲಿತವರು ಇಲ್ಲೇ ಎಡವುತ್ತಾರೆ. ಹೆಂಡತಿಯ ಅಜ್ಜನಿಗೆ 'ಜ಼ಾಯ್' ಅಂದುಬಿಡುತ್ತಾರೆ. ನಿಮಗೆ ಆ ಕಷ್ಟವಿರಬಾರದು.

'ಹಾಕ್ ಮಿರ್ ನಿಶ್ಟ್ ಕೇನ್ ಚೈನಿಕ್': ಅಕ್ಷರಶಃ, ನನ್ನ ಮುಂದೆ ಟೀ ಕೆಟಲ್ ಬಡಿಯಬೇಡ. ಅರ್ಥ, ತಲೆ ತಿನ್ನಬೇಡ. 'ದೆರ್ ಮೆನ್ಶ್ ತ್ರಾಖ್ಟ್ ಉನ್ ಗೊಟ್ ಲಾಖ್ಟ್', ಮನುಷ್ಯ ಯೋಚಿಸುತ್ತಾನೆ, ದೇವರು ನಗುತ್ತಾನೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವುದರ ಪ್ರಾಸಬದ್ಧ ತಮ್ಮ. ಹಾಗಾದರೆ, ಹೀಗಾದರೆ ಎಂದು ಊಹೆ ಕಟ್ಟುವವರಿಗೆ, ಅಜ್ಜಿಗೆ ಗಡ್ಡ ಇದ್ದಿದ್ದರೆ ಅಜ್ಜ ಆಗುತ್ತಿದ್ದಳು ಎನ್ನುತ್ತಾರೆ. ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು ಎಂಬ ನಮ್ಮ ಗಾದೆಗೆ ಸಾಕ್ಷಾತ್ ನೆಂಟ. ಅಜ್ಜಿಯ ಇನ್ನೊಂದು ಮಾತು 'ಬೊಬೆ ಮೈಸೆ', ಅಡಗೂಲಜ್ಜಿ ಕಥೆ. ಕುತೂಹಲವೆಂದರೆ ಇದರಲ್ಲಿ ಮೊದಲಿಗೆ ಅಜ್ಜಿಯೇ ಇರಲಿಲ್ಲ. ಎಲಿಯಾ ಲೆವಿಟಾ ಎಂಬ ಕವಿ 1507ರಲ್ಲಿ ಇಟಾಲಿಯನ್ ಮೂಲದಿಂದ ಯಿಡ್ಡಿಶ್‌ಗೆ ತಂದ, 1541ರಲ್ಲಿ ಅಚ್ಚಾದ 'ಬೊವೊ' ಎಂಬ ವೀರನ ಪದ್ಯಕಥೆಯಿಂದ 'ಬೊವೊ ಮೈಸೆ' ಎಂದಾಯಿತು. ಬೊವೊನನ್ನು ಜನ ಮರೆತ ಮೇಲೆ 'ಬೊಬೆ', ಅಜ್ಜಿ, ಆ ಜಾಗಕ್ಕೆ ಬಂದು ಕುಳಿತಳು.

ಶಾಪಗಳಲ್ಲಿ ಯಿಡ್ಡಿಶ್‌ಗೆ ಸರಿಸಾಟಿ ಕಡಿಮೆ. ನಮ್ಮ 'ನಿನ್ನ ಮನೆ ಹಾಳಾಗ' ನೇರ ಏಟು. ಯಿಡ್ಡಿಶ್ ಶಾಪ ಹರಕೆಯಂತೆ ಶುರುವಾಗಿ ಕೊನೆಯಲ್ಲಿ ತಿರುಗುತ್ತದೆ. 'ಅವನಿಗೆ ನೂರು ಮನೆಗಳಿರಲಿ, ಮನೆಮನೆಗೂ ನೂರು ಕೋಣೆ, ಕೋಣೆಕೋಣೆಗೂ ಇಪ್ಪತ್ತು ಹಾಸಿಗೆ, ಚಳಿಜ್ವರ ಅವನನ್ನು ಹಾಸಿಗೆಯಿಂದ ಹಾಸಿಗೆಗೆ ಎತ್ತೆತ್ತಿ ಎಸೆಯಲಿ.' ಇನ್ನೊಂದು: ನಿನ್ನ ಹಲ್ಲೆಲ್ಲ ಉದುರಲಿ, ಒಂದು ಮಾತ್ರ ಉಳಿಯಲಿ, ಹಲ್ಲುನೋವಿಗೆ. ಚಿಕ್ಕದು ಬೇಕೆಂದರೆ, ಈರುಳ್ಳಿ ಹಾಗೆ ಬೆಳಿ, ತಲೆ ಮಣ್ಣಲ್ಲಿ. ಕೇಳಿ ಆನಂದಿಸಿ, ಆಡುವ ಸಲಿಗೆ ಬರಲು ನಿಮಗೆ ಇನ್ನೂ ಕೆಲವು ವರ್ಷ ಬೇಕು.

'ಫ್ಯಾನ್ಸಿ ಶ್ಮ್ಯಾನ್ಸಿ', 'ಡೆಡ್‌ಲೈನ್ ಶ್ಮೆಡ್‌ಲೈನ್' ಎಂದು ಕಚೇರಿಯಲ್ಲಿ ಕೇಳಿರುತ್ತೀರಿ. ಈ 'ಶ್ಮ' ಯಿಡ್ಡಿಶ್ ಕೊಟ್ಟ ಅಚ್ಚು. ನಮ್ಮ ಊಟಗೀಟ, ಪುಸ್ತಕಗಿಸ್ತಕಗಳ 'ಗಿ' ಎಂದುಕೊಂಡು ಎಲ್ಲೆಡೆ ಬಳಸಬೇಡಿ. ಊಟಗೀಟ ಎಂದರೆ ಊಟ ಮತ್ತು ಅಂಥದ್ದು. 'ಶ್ಮ'ದಲ್ಲಿ ಆ ಅರ್ಥ ಇಲ್ಲವೇ ಇಲ್ಲ, 'ಪ್ರೀತಿಗೀತಿ ಎಲ್ಲ ಸುಳ್ಳು' ಎನ್ನುವಾಗಿನ ಉಡಾಫೆ ಮಾತ್ರ ಇದೆ. ಗ್ರಾಹಕರ ಎದುರು 'ರಿಪೋರ್ಟ್ ಶ್ಮಿಪೋರ್ಟ್ ಕಳಿಸುತ್ತೇನೆ' ಎಂದರೆ ರಿಪೋರ್ಟ್ ಮುಂತಾದವು ಎಂದು ಯಾರೂ ತಿಳಿಯುವುದಿಲ್ಲ, ರಿಪೋರ್ಟ್ ಯಾರಿಗೆ ಬೇಕು ಎಂದು ತಿಳಿಯುತ್ತಾರೆ.

ಇನ್ನು ಮುಂದೆ ಹೊಸ ಪದ ಕೇಳಿದಾಗ ಹುಡುಕುವ ಬಗೆ. ಕಾಗುಣಿತ ಒಂದೇ ಇರುವುದಿಲ್ಲ. 1925ರಲ್ಲಿ ವಿಲ್ನಾದಲ್ಲಿ ಹುಟ್ಟಿ, 1940ರಲ್ಲಿ ನ್ಯೂಯಾರ್ಕಿಗೆ ನೆಲೆ ಬದಲಿಸಿದ, ಯಿಡ್ಡಿಶ್ ಅಧ್ಯಯನದ ಯೀವೊ ಸಂಸ್ಥೆ ರೋಮನ್ ಲಿಪಿಯಲ್ಲಿ ಬರೆಯಲು ಒಂದು ಕ್ರಮ ಹಾಕಿಕೊಟ್ಟಿದೆ, ಆದರೆ ಅಮೆರಿಕನ್ ನಿಘಂಟುಗಳು ಅದನ್ನು ಅನುಸರಿಸುವುದಿಲ್ಲ. 2013ರ ಅಮೆರಿಕದ ರಾಷ್ಟ್ರೀಯ ಸ್ಪೆಲಿಂಗ್ ಬೀ ಸ್ಪರ್ಧೆಯಲ್ಲಿ ಭಾರತೀಯ ಮೂಲದ ಹುಡುಗನೊಬ್ಬ 'ಕ್ನೇಡಲ್' ಎಂಬ ಕಡುಬಿನ ಹೆಸರನ್ನು ಸರಿಯಾಗಿ ಬರೆದು ಗೆದ್ದ. ಮರುದಿನವೇ ಯಿಡ್ಡಿಶ್ ಬಲ್ಲವರು ಆ ಕಾಗುಣಿತವೇ ಸರಿಯಿಲ್ಲ ಎಂದು ಜಗಳ ತೆಗೆದರು. ಆದ್ದರಿಂದ 'ಶ' ಕೇಳಿಸಿದರೆ 'ಎಸ್ ಎಚ್', 'ಎಸ್ ಸಿ ಎಚ್' ಎರಡರಲ್ಲೂ ನೋಡಿ. ಗಂಟಲಿನ ಖ ಇದ್ದರೆ 'ಕೆ ಎಚ್', 'ಸಿ ಎಚ್', ಬರಿಯ 'ಎಚ್' ಮೂರರಲ್ಲೂ. ಸಿಕ್ಕ ಮೇಲೆ ಆ ನಮೂದು ಯಿಡ್ಡಿಶ್ ನಿಘಂಟಿನದೋ ಇಂಗ್ಲಿಷ್ ನಿಘಂಟಿನದೋ ಗಮನಿಸಿ. ಎರಡರಲ್ಲೂ ನೋಡದೆ ಮನುಷ್ಯರ ಮೇಲೆ ಪ್ರಯೋಗಿಸಬೇಡಿ. ತಿಂಡಿಯ ಹೆಸರುಗಳಿಗೆ ಈ ನಿಬಂಧನೆಯಿಲ್ಲ.